ಬಿಟ್‌ಲಾಕರ್ ರಿಕವರಿ ಕೀ

ವಿಂಡೋಸ್ ಕಂಪ್ಯೂಟರಿನ ಡಿಸ್ಕಿಗೆ ಗೂಢಲಿಪಿಯ ರಕ್ಷಣೆ ಕೊಡುವ ಬಿಟ್‌ಲಾಕರ್ ವ್ಯವಸ್ಥೆಯಲ್ಲಿ, ಮಾಮೂಲಿ ದಾರಿ ಮುಚ್ಚಿದಾಗ ಡಿಸ್ಕ್ ತೆರೆಯಲು ಬೇಕಾಗುವ 48 ಅಂಕೆಗಳ ಸಂಖ್ಯೆ. ವಿಂಡೋಸ್ ವಿಸ್ಟಾದೊಂದಿಗೆ ಬಳಕೆಗೆ ಬಂತು. ಇದು ಬಳಕೆದಾರರು ಆರಿಸಿಕೊಂಡ ಪಾಸ್‌ವರ್ಡ್ ಅಲ್ಲ, ಕಂಪ್ಯೂಟರೇ ಸೃಷ್ಟಿಸಿದ್ದು.

ಕೇಳುವ ಸಂದರ್ಭ

ಕಂಪ್ಯೂಟರ್ ಆನ್ ಆಗುವ ಹಂತಗಳನ್ನು ಟಿಪಿಎಂ ಚಿಪ್ ದಾಖಲಿಸುತ್ತದೆ. ದಾಖಲೆ ಹಿಂದಿನದಕ್ಕೆ ತಾಳೆಯಾದರಷ್ಟೇ ಡಿಸ್ಕ್ ತೆರೆಯುತ್ತದೆ, ಇಲ್ಲವಾದರೆ ಕೀ ಕೇಳುತ್ತದೆ. ಬಯಾಸ್ ಅಪ್‌ಡೇಟ್, ಸೆಕ್ಯೂರ್ ಬೂಟ್ ಬದಲಾವಣೆ, ಹೊಸ ಮದರ್‌ಬೋರ್ಡ್ ಇವೆಲ್ಲ ಸಾಮಾನ್ಯ ಕಾರಣಗಳು. ಚಿಪ್ಪಿನ ಲೆಕ್ಕದಲ್ಲಿ ಕಳ್ಳನೂ ರಿಪೇರಿಯವನೂ ಒಂದೇ.

2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ಆ ಅಪ್‌ಡೇಟಿನ ಫೈಲ್ ಅಳಿಸಲು ಸೇಫ್ ಮೋಡಿಗೆ ಹೋಗಬೇಕಿತ್ತು. ಬಿಟ್‌ಲಾಕರ್ ಇದ್ದ ಎಷ್ಟೋ ಕಡೆ ಅದಕ್ಕೂ ಮೊದಲು ಈ ಕೀ ಹುಡುಕಬೇಕಾಯಿತು.

ಅಂಕೆಗಳ ರಚನೆ

ತಲಾ ಆರು ಅಂಕೆಗಳ ಎಂಟು ಗುಂಪುಗಳು. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಭಾಗಲಬ್ಧ 16 ಬಿಟ್‌ಗಳ ಒಂದು ಸಂಖ್ಯೆ. ಎಂಟೂ ಸೇರಿ 128 ಬಿಟ್. ಹಾಗಾಗಿ 720885ಕ್ಕಿಂತ ದೊಡ್ಡ ಗುಂಪು ಇರಲಾರದು.

ಉದಾಹರಣೆಗೆ, 135795 ಎಂಬುದು 12345ರ 11 ಪಟ್ಟು. ಕಣ್ತಪ್ಪಿ 135785 ಎಂದು ಒತ್ತಿದರೆ ಲೆಕ್ಕ ಕೂಡುವುದಿಲ್ಲ. ಒಂದು ಅಂಕೆ ತಪ್ಪಿದರೂ ಅಕ್ಕಪಕ್ಕದ ಎರಡು ಅಂಕೆ ಅದಲುಬದಲಾದರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಆ ಗುಂಪನ್ನಷ್ಟೇ ತಿದ್ದಿದರೆ ಸಾಕು. ಇಡೀ ಗುಂಪುಗಳೇ ಹಿಂದುಮುಂದಾದರೆ ಮಾತ್ರ ಗುಟ್ಟು ರಟ್ಟಾಗದು: ಪ್ರತಿ ಗುಂಪೂ ಸರಿಯೇ, ಡಿಸ್ಕ್ ಮಾತ್ರ ತೆರೆಯದು. ಕಾಗದದಲ್ಲಿ ಎರಡು ಸಾಲಾಗಿ ಬರೆದಿಟ್ಟುಕೊಂಡವರು ಇದನ್ನು ಮೊದಲು ನೋಡಬೇಕು.

ಹುಡುಕಾಟ

ಪರದೆಯ ಮೇಲೆ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ಉಳಿಸಿಟ್ಟ ಕೀಗಳ ಐಡಿಯೊಂದಿಗೆ ತಾಳೆ ನೋಡಬೇಕು. ಒಂದೇ ಖಾತೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಕೀಗಳೂ ಇರಬಹುದು. ಮನೆಯ ಕಂಪ್ಯೂಟರಿನ ಕೀ ಬಹುಮಟ್ಟಿಗೆ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಆದರೆ ಅದು ಮೊದಲು ಸೆಟಪ್ ಮಾಡಿದ ಮಗನದ್ದೋ ತಂಗಿಯದ್ದೋ ಆಗಿರಬಹುದು. ಕಚೇರಿಯ ಯಂತ್ರವಾದರೆ ಐಟಿ ವಿಭಾಗವನ್ನೇ ಕೇಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್‌ಇನ್ ಆದರೆ ಹೆಚ್ಚಿನ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿ ಶುರುವಾಗುತ್ತದೆ. ಕೀ ಇದೆಯೆಂಬುದೇ ಹಲವರಿಗೆ ತಿಳಿದಿರುವುದಿಲ್ಲ.

ಕೀ ಸಿಗದಿದ್ದರೆ

ಬಯಾಸಿನಲ್ಲಿ ಬದಲಿಸಿದ್ದನ್ನು ಮೊದಲಿನಂತೆ ಮಾಡಿದರೆ ಕೆಲವೊಮ್ಮೆ ಕೀ ಇಲ್ಲದೆಯೇ ಡಿಸ್ಕ್ ತೆರೆಯುತ್ತದೆ. ಅದೂ ಆಗದಿದ್ದರೆ ಉಳಿಯುವುದು ರೀಸೆಟ್. ಡಿಸ್ಕಿನ ಫೈಲುಗಳು ಹೋಗುತ್ತವೆ. ಬಯಾಸ್ ಅಪ್‌ಡೇಟಿಗೆ ಮುಂಚೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿದರೆ ಸಾಮಾನ್ಯವಾಗಿ ಕೀ ಕೇಳುವ ಪರದೆ ಬರುವುದಿಲ್ಲ.