ವೀರಬಣಂಜುಧರ್ಮವೂ ಕಾಯಕವೂ

ವಾಣಿಜ್ಯದಲ್ಲಿ ನೀತಿಗೆ ಎಡೆಯೆಲ್ಲಿ ಎಂಬ ಪ್ರಶ್ನೆಗೆ ಕನ್ನಡನಾಡಿನ ಪ್ರಾಚೀನರಿಂದ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಅವೆರಡನ್ನೂ ಒತ್ತಟ್ಟಿಗಿಟ್ಟು ನೋಡುವುದು ಉಚಿತವಾಗಿದೆ.

ಮೊದಲನೆಯದು ಅಯ್ಯಾವೊಳೆಯ ಐನೂರ್ವರದು. ಇಂದಿನ ಐಹೊಳೆಯ ಹೆಸರನ್ನು ಹೊತ್ತ ಈ ವರ್ತಕಸಂಘದ ವ್ಯವಹಾರವು ಕಡಲಾಚೆಗೂ ಹಬ್ಬಿದ್ದಿತೆಂಬುದಕ್ಕೆ ಸುಮಾತ್ರಾದ್ವೀಪದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನವು ಸಾಕ್ಷಿಯಾಗಿದೆ. ತಮ್ಮ ನಡವಳಿಕೆಯ ಕಟ್ಟಳೆಯನ್ನು ಇವರು ವೀರಬಣಂಜುಧರ್ಮವೆಂದು ಕರೆದರು. ಸತ್ಯ, ಶೌಚ, ವಿನಯಗಳನ್ನು ಪ್ರಶಸ್ತಿಗಳಲ್ಲಿ ತಮ್ಮ ಗುಣಗಳೆಂದು ಎಣಿಸಿದರು. ಆತ್ಮಪ್ರಶಂಸೆಯು ಪ್ರಮಾಣವಾಗಲಾರದೆಂಬ ಆಕ್ಷೇಪವು ಯುಕ್ತವೇ ಸರಿ. ಆದರೆ ಸರಕಿನ ಹೇರುಗಳ ಮೇಲೆ ವರ್ತಕರು ದೇವಕಾರ್ಯಕ್ಕಾಗಿ ತಾವೇ ವಿಧಿಸಿಕೊಂಡ ಆಯಗಳನ್ನೂ ಶಾಸನಗಳು ಹೇಳುತ್ತವೆ. ಆ ಕಾಲದ ಸೆಟ್ಟಿಗಳ ಔದಾರ್ಯವು ಒಂದೇ ಮತಕ್ಕೆ ಸೀಮಿತವಾಗಿರಲಿಲ್ಲ. ಧರ್ಮವೊಳಲಿನ, ಎಂದರೆ ಡಂಬಳದ, ಹದಿನಾರು ಸೆಟ್ಟಿಗಳು ಬೌದ್ಧವಿಹಾರವನ್ನು ಕಟ್ಟಿಸಿದುದನ್ನು 1095ರ ಶಾಸನವು ತಿಳಿಸುತ್ತದೆ. ಕೊಟ್ಟ ಮಾತು ಕಲ್ಲಿಗೇರಿದ ಮೇಲೆ, ತಪ್ಪಿದವನನ್ನು ನಾಡೇ ಕೇಳಬಹುದಾಗಿತ್ತು.

ಎರಡನೆಯದು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಾಗಿ ತರಲು, ಹೆಂಡತಿ ಲಕ್ಕಮ್ಮನು ಮಿಕ್ಕುದನ್ನು ತಂದೆಡೆಯಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳೆಂದು ಪರಂಪರೆಯು ಹೇಳುತ್ತದೆ.

ವರ್ತಕರು ಗಳಿಸಿದುದರಲ್ಲಿ ಒಂದಂಶವನ್ನು ಕೊಟ್ಟು ಧರ್ಮವನ್ನು ಕಂಡರು. ಲಕ್ಕಮ್ಮನು ಗಳಿಕೆಯ ಮಿತಿಯಲ್ಲಿಯೇ ಅದನ್ನು ಕಂಡಳು. ಮೊದಲನೆಯದು ಅಲ್ಪವಲ್ಲ, ಅದರಿಂದ ಗುಡಿಗಳೂ ವಿಹಾರಗಳೂ ನಿಂತವು. ಆದರೂ ದಾನಶಾಸನಗಳನ್ನು ಓದುವಾಗ ಎಷ್ಟು ಕೊಟ್ಟರೆಂಬುದನ್ನು ಮಾತ್ರವಲ್ಲದೆ, ಹೇಗೆ ಗಳಿಸಿದರೆಂಬುದನ್ನೂ ಕೇಳಬೇಕೆಂದು ಆ ಬಡ ಗೃಹಿಣಿಯು ನಮಗೆ ಕಲಿಸಿರುವಳು.