ಎರಡು ಲೈನುಗಳ ನಡುವಿನ ಮನೆ

ಊರಲ್ಲಿ ಬಾಡಿಗೆ ಮನೆ ಹುಡುಕುವವರು ನೀರು, ಗಾಳಿ, ಬೆಳಕು ನೋಡುತ್ತಾರೆ. ಮುಂಬಯಿಗೆ ಬಂದ ಕನ್ನಡಿಗ ಮೊದಲು ಕೇಳುವುದು, "ಸ್ಟೇಷನ್ ಯಾವುದು?" ಅಂತ. ಆಫೀಸು ಈ ವರ್ಷ ಫೋರ್ಟಿನಲ್ಲಿ, ಬರುವ ವರ್ಷ ಅಂಧೇರಿಯೋ ಮುಲುಂಡೋ, ಯಾರಿಗೆ ಗೊತ್ತು? ನಮ್ಮಂಥ ಬ್ಯಾಂಕಿನವರಿಗಂತೂ ವರ್ಗಾವಣೆಯ ಕಾಗದ ತಪ್ಪಿದ್ದಲ್ಲ.

ನಮ್ಮ ಹಿರಿಯರು ಮಾಟುಂಗಾ, ದಾದರ್ ಕಡೆ ನೆಲೆಸಿದ್ದಕ್ಕೆ ಒಂದು ಚರಿತ್ರೆ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಗಲ್ಲಿಗಳಿಂದ ಜನರನ್ನು ಹೊರಗೆ ಹರಡಬೇಕೆಂದು ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ರಚಿಸಿತು. ದಾದರ್-ಮಾಟುಂಗಾ ಬಡಾವಣೆ ಆ ಟ್ರಸ್ಟಿನ ಯೋಜನೆ. ದಕ್ಷಿಣದಿಂದ ಬಂದ ಗುಮಾಸ್ತರು ಅಲ್ಲಿ ಸೇರಿಕೊಂಡರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಕೂಡ ಹುಟ್ಟಿತು. ಇಡ್ಲಿ-ಕಾಫಿಯ ಸೆಳೆತ ಇತ್ತು, ನಿಜ. ಆದರೆ ಮುಖ್ಯ ಲಾಭ ರೈಲಿನದು: ಮಾಟುಂಗಾ ಸ್ಟೇಷನ್ ಸೆಂಟ್ರಲ್ ಲೈನಿನಲ್ಲಿ, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನಲ್ಲಿ, ಪಕ್ಕದ ದಾದರ್‌ನಲ್ಲಿ ಎರಡೂ ಸೇರುತ್ತವೆ. ಆಫೀಸು ಎತ್ತ ಹೋದರೂ ಪಾಸ್ ಬದಲಾಯಿಸಿದರೆ ಸಾಕು, ಮನೆ ಬದಲಾಯಿಸಬೇಕಿಲ್ಲ.

ಈ ಅನುಕೂಲ ಎಲ್ಲರಿಗೂ ಸಿಗಲಿಲ್ಲ. 1948ರಲ್ಲಿ ಜಾರಿಗೆ ಬಂದ ಬಾಡಿಗೆ ಕಾಯ್ದೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಆಧಾರ ಮಾಡಿಕೊಂಡಿತು. ಬಾಡಿಗೆ ಏರದ ಮನೆಗೆ ಪಗಡಿ ಏರಿತು. ಕೈಬಿಟ್ಟ ಖೋಲಿ ಮತ್ತೆ ಸಿಗುವ ಮಾತೇ ಇಲ್ಲ. ನನ್ನ ಸಹೋದ್ಯೋಗಿಯೊಬ್ಬರು ಗಿರ್‌ಗಾಂವ್‌ನ ಚಾಳಿನ ಖೋಲಿ ಬಿಡಲಾಗದೆ ಎರಡು ಸಲ ಬಡ್ತಿ ಬೇಡ ಅಂದರು. ಬಾಡಿಗೆ ಉಳಿಯಿತು, ಆದರೆ ಕೊನೆಯ ಸಂಬಳ ಕಡಿಮೆಯಾಗಿ ಪಿಂಚಣಿಯೂ ಕಡಿಮೆಯಾಯಿತು. ಇಂಥ ಲೆಕ್ಕ ಯಾವ ಲೆಡ್ಜರಿನಲ್ಲೂ ಕಾಣುವುದಿಲ್ಲ ನೋಡಿ.

1973ರ ತಿದ್ದುಪಡಿ ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರನ್ನು ಬಾಡಿಗೆದಾರರೆಂದೇ ಪರಿಗಣಿಸಿತು. ಇದ್ದವರಿಗೆ ರಕ್ಷಣೆ ಸಿಕ್ಕಿತು, ಹೊಸದಾಗಿ ಬಂದವರಿಗೆ ಬಾಗಿಲು ಮುಚ್ಚಿತು. ಮಾಲೀಕರು ಹೆದರಿ, ಹನ್ನೊಂದು ತಿಂಗಳಾದ ಮೇಲೆ ಖಾಲಿ ಮಾಡಿ ಅನ್ನತೊಡಗಿದರು. ವ್ಯಕ್ತಿಗಿಂತ ಬ್ಯಾಂಕಿನ ಹೆಸರಿಗೆ ಮನೆ ಕೊಡುವುದೇ ಅವರಿಗೆ ವಾಸಿ ಅನಿಸಿತು. 2000ದ ಮಾರ್ಚ್ 31ರಂದು ಜಾರಿಯಾದ ಹೊಸ ಕಾಯ್ದೆ ಬ್ಯಾಂಕುಗಳಿಗೆ ಕೊಟ್ಟ ಮನೆಗಳನ್ನು ಬಾಡಿಗೆ ನಿಯಂತ್ರಣದಿಂದ ಹೊರಗಿಟ್ಟಿತು. ಅವಧಿ ಮುಗಿದ ಮೇಲೆ ಲೈಸೆನ್ಸುದಾರ ಮನೆ ಬಿಡಲೇಬೇಕೆಂದೂ, ಕರಾರನ್ನು ನೋಂದಾಯಿಸಲೇಬೇಕೆಂದೂ ಹೇಳಿತು.

ಅಷ್ಟರಲ್ಲಿ ಆಫೀಸುಗಳೇ ಜಾಗ ಬಿಟ್ಟವು. ನರಿಮನ್ ಪಾಯಿಂಟಿನಿಂದ ಎಷ್ಟೋ ಕಚೇರಿಗಳು ಬಾಂದ್ರಾ-ಕುರ್ಲಾಕ್ಕೆ ಹೋದವು. 2014ರ ಜೂನ್ 8ರಂದು ಮೆಟ್ರೋ ಬಂದು ಅಂಧೇರಿಗೂ ಘಾಟ್‌ಕೋಪರಿಗೂ ನಂಟು ಬೆಳೆಯಿತು. ಹಳೆಯ ದಾದರಿನ ಕೆಲಸವನ್ನು ಈಗ ಇವೂ ಮಾಡುತ್ತವೆ.

ಆದ್ದರಿಂದ ಮಕ್ಕಳನ್ನು ಮುಂಬಯಿಗೆ ಕಳಿಸುವ ಊರಿನವರಿಗೆ ನನ್ನದೊಂದು ಮಾತು. ಯಾವ ಕಚೇರಿ ಅಂತ ಖಚಿತವಾಗುವವರೆಗೆ ಪೇಯಿಂಗ್ ಗೆಸ್ಟ್ ಆಗಿರಲಿ. ಆಮೇಲೆ ಎರಡು ಲೈನು ಕೂಡುವ ಕಡೆ ಚಿಕ್ಕ ಮನೆಯಾದರೂ ಸರಿ, ನೋಡಲಿ. ಬಾಡಿಗೆ, ರೈಲಿನ ಪಾಸು, ದಿನಕ್ಕೆ ಕಳೆಯುವ ಗಂಟೆ, ಮೂರನ್ನೂ ಕೂಡಿಸಿ ಹೋಲಿಸಲಿ. ಕರಾರಿನಲ್ಲಿ ನೋಟಿಸಿನ ಅವಧಿ ಎಷ್ಟು, ಮಧ್ಯೆ ಬಿಟ್ಟರೆ ಡಿಪಾಸಿಟ್ ಬರುತ್ತಾ, ಇದನ್ನು ಸಹಿ ಹಾಕುವ ಮುಂಚೆಯೇ ಕೇಳಲಿ. ವರ್ಗಾವಣೆಯ ಕಾಗದ ಕೈಗೆ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.