ದೂರದರ್ಶನದ ಪದ್ಧತಿಭೇದ

1980ರ ದಶಕದಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಕನ್ನಡಿಗರು ಮಕ್ಕಳ ನಾಮಕರಣವೇ ಮೊದಲಾದ ಶುಭಕಾರ್ಯಗಳ ವಿಡಿಯೋ ಕ್ಯಾಸೆಟ್ಟುಗಳನ್ನು ಊರಿನ ಹಿರಿಯರಿಗೆ ಕಳುಹಿಸುತ್ತಿದ್ದುದುಂಟು. ಕ್ಯಾಸೆಟ್ಟು ಇಲ್ಲಿಯ ಯಂತ್ರದಲ್ಲಿ ಸರಿಯಾಗಿಯೇ ಕುಳಿತುಕೊಳ್ಳುತ್ತಿತ್ತು. ಆದರೆ ತೆರೆಯ ಮೇಲೆ ಬಣ್ಣಗೆಟ್ಟು ಉರುಳುವ ಗೆರೆಗಳಲ್ಲದೆ ಮೊಮ್ಮಗುವಿನ ಮುಖವು ಕಾಣುತ್ತಿರಲಿಲ್ಲ. ಈ ಭೇದದ ಮೂಲವು ವಿದ್ಯುತ್ತಿನ ಚರಿತ್ರೆಯಲ್ಲಿದೆ.

ಅಮೆರಿಕದ ವಿದ್ಯುತ್ಪ್ರವಾಹವು ಸೆಕೆಂಡಿಗೆ 60 ಆವರ್ತಗಳದು. ಯೂರೋಪಿನದೂ ಭಾರತದ್ದೂ 50. ಆರಂಭಕಾಲದ ಪೆಟ್ಟಿಗೆಗಳಲ್ಲಿ ಚಿತ್ರದ ಗತಿಯು ವಿದ್ಯುತ್ತಿನ ಗತಿಗೆ ಹೊಂದದಿದ್ದರೆ ತೆರೆಯ ಮೇಲೆ ಪಟ್ಟೆಗಳು ತೇಲಾಡುತ್ತಿದ್ದುವು. ಆದುದರಿಂದ ಅಮೆರಿಕವು 1941ರಲ್ಲಿ 525 ಗೆರೆಗಳ, ಸೆಕೆಂಡಿಗೆ 30 ಚಿತ್ರಗಳ ಕ್ರಮವನ್ನು ಅಂಗೀಕರಿಸಿತು. ಯೂರೋಪಿನ ಬಹುಭಾಗದಲ್ಲಿ ಯುದ್ಧಾನಂತರ 625 ಗೆರೆ, 25 ಚಿತ್ರಗಳ ಕ್ರಮವು ನೆಲೆಗೊಂಡಿತು.

ಬಣ್ಣವು ಬಂದಾಗ ಭೇದವು ಇನ್ನೂ ಬೆಳೆಯಿತು. 1950ರಲ್ಲಿ ಅಮೆರಿಕದ ಸರಕಾರೀ ಆಯೋಗವು ಸಿ.ಬಿ.ಎಸ್. ಸಂಸ್ಥೆಯ ವರ್ಣಪದ್ಧತಿಗೆ ಒಪ್ಪಿಗೆಯಿತ್ತಿತು. ಜನರು ಆಗಲೇ ಹಣ ತೆತ್ತು ಕೊಂಡಿದ್ದ ಕಪ್ಪುಬಿಳುಪಿನ ಪೆಟ್ಟಿಗೆಗಳು ಅದನ್ನು ತೋರಿಸಲಾರದಾದುವು. ಮರುವರ್ಷವೇ ಆ ಪ್ರಸಾರವು ನಿಂತುಹೋಯಿತು. ಹಳೆಯ ಪೆಟ್ಟಿಗೆಗೂ ಸಲ್ಲುವ ಎನ್.ಟಿ.ಎಸ್.ಸಿ. ಪದ್ಧತಿಯು 1953ರ ಡಿಸೆಂಬರಿನಲ್ಲಿ ಮಾನ್ಯವಾಯಿತು. ಅದರಲ್ಲಿ ಸಂಕೇತವು ದಾರಿಯಲ್ಲಿ ಕೊಂಚ ಕದಲಿದರೂ ಬಣ್ಣವು ವ್ಯತ್ಯಾಸವಾಗುತ್ತಿತ್ತು. ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯ ವಾಲ್ಟರ್ ಬ್ರೂಖ್ ಎಂಬಾತನು ವರ್ಣಸಂಕೇತದ ಒಂದಂಶವನ್ನು ಗೆರೆ ಬಿಟ್ಟು ಗೆರೆಗೆ ತಿರುವುಮುರುವು ಮಾಡಿ, ಒಂದು ಗೆರೆಯ ತಪ್ಪನ್ನು ಮುಂದಿನದೇ ತಿದ್ದುವಂತೆ ರಚಿಸಿದನು. ಇದೇ ಪಾಲ್ ಪದ್ಧತಿ. ಫ್ರಾನ್ಸಿನಲ್ಲಿ ಆನ್ರಿ ದ ಫ್ರಾನ್ಸನು ಸೆಕಾಮನ್ನು ನಿರ್ಮಿಸಿದನು. 1966ರಲ್ಲಿ ಓಸ್ಲೋ ನಗರದ ಸಮ್ಮೇಳನದಲ್ಲಿಯೂ ರಾಷ್ಟ್ರಗಳು ಒಮ್ಮತಕ್ಕೆ ಬರಲಿಲ್ಲ. ಮರುವರ್ಷ ಪಶ್ಚಿಮ ಜರ್ಮನಿಯು ಪಾಲನ್ನೂ, ಫ್ರಾನ್ಸೂ ಸೋವಿಯತ್ ದೇಶವೂ ಸೆಕಾಮನ್ನೂ ಆಚರಣೆಗೆ ತಂದುವು. ಭಾರತದಲ್ಲಿ 1982ರಲ್ಲಿ ವರ್ಣಪ್ರಸಾರವು ಪಾಲ್ ಪದ್ಧತಿಯಲ್ಲಿ ಮೊದಲಾಯಿತು.

1976ರಲ್ಲಿ ಜಪಾನಿನ ಜೆ.ವಿ.ಸಿ. ಸಂಸ್ಥೆಯು ಹೊರತಂದ ವಿ.ಎಚ್.ಎಸ್. ಕ್ಯಾಸೆಟ್ಟಿನ ಆಕಾರವು ಜಗತ್ತಿಗೆಲ್ಲ ಒಂದೇ. ಆದರೆ ಸುರುಳಿಯು ಆಯಾ ದೇಶದ ಗೆರೆಗಳನ್ನೂ ಗತಿಯನ್ನೂ ಹಾಗೆಯೇ ಹೊತ್ತಿರುತ್ತಿತ್ತು. ಎರಡು ಪದ್ಧತಿಗಳನ್ನೂ ಓದಬಲ್ಲ ಯಂತ್ರವಿದ್ದ ಮನೆಯಲ್ಲಿ ಮಾತ್ರ ಅದು ತೆರೆದುಕೊಳ್ಳುತ್ತಿತ್ತು. ಉಳಿದವರು ಪರಿವರ್ತಿಸಿಕೊಡುವ ಅಂಗಡಿಯನ್ನು ಹುಡುಕಬೇಕಾಗುತ್ತಿತ್ತು.

ತಮ್ಮ ಜನರ ಹಳೆಯ ಪೆಟ್ಟಿಗೆಯು ವ್ಯರ್ಥವಾಗಬಾರದೆಂದು ರಾಷ್ಟ್ರಗಳು ತೋರಿದ ಕಾಳಜಿಯು ಶ್ಲಾಘ್ಯವೇ. ಆದರೆ ಪ್ರತಿಯೊಂದೂ ತನ್ನ ನಿನ್ನೆಯನ್ನು ಕಾಪಾಡಿಕೊಂಡಿತೇ ಹೊರತು ನೆರೆಯವರ ನಾಳೆಯನ್ನು ನೆನೆಯಲಿಲ್ಲ. ಆ ಸುರುಳಿಗಳು ಈಗ ಸವೆಯುತ್ತಿವೆ, ಅವನ್ನು ಓದುವ ಯಂತ್ರಗಳು ವಿರಳವಾಗುತ್ತಿವೆ. ಪೆಟ್ಟಿಗೆಯ ತಳದಲ್ಲಿ ಅಂಥ ಕ್ಯಾಸೆಟ್ಟುಳ್ಳ ಮನೆಯವರು ಅದರ ಪದ್ಧತಿಯನ್ನರಿತು ಬೇಗನೆ ಪ್ರತಿಮಾಡಿಸಿಕೊಳ್ಳುವುದು ವಿಹಿತ. ಅಂದು ಕಾಣದೆ ಹೋದ ಮುಖವನ್ನು ಇನ್ನೂ ಕಾಣಬಹುದು.